ಸಿಗಡಿ ಪೊರೆ ಕಳಚುವ ದಿನ: ಮರಿ ಮಾಡಿಸಲು ಒಂದು ಪುಟ್ಟ ಗಿಡದ ಟ್ಯಾಂಕ್

ಟ್ಯಾಂಕಿನ ತಳದಲ್ಲಿ ಒಂದು ಸಿಗಡಿ ಅಲುಗಾಡದೆ ಬಿದ್ದಿದೆ. ಮೀಸೆ ಇದೆ, ಕಾಲುಗಳಿವೆ, ಬಾಲದ ಬೀಸಣಿಗೆಯೂ ಇದೆ. ಬಣ್ಣ ಮಾತ್ರ ಇಲ್ಲ. ಮೊದಲ ಸಲ ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಕಣ್ಣು ಹತ್ತಿರ ಒಯ್ದು ನೋಡಿ. ತಲೆಯ ಚಿಪ್ಪು ಮುಗಿದು ಹೊಟ್ಟೆಯ ಭಾಗ ಶುರುವಾಗುವಲ್ಲಿ, ಬೆನ್ನ ಮೇಲೆ ಒಂದು ಸೀಳು ಕಾಣುತ್ತದೆ. ಒಳಗೆ ಏನೂ ಇಲ್ಲ. ಹಾವು ಪೊರೆ ಬಿಟ್ಟು ಹೋದ ಹಾಗೆ ಸಿಗಡಿ ತನ್ನ ಹಳೇ ಚಿಪ್ಪನ್ನು ಬಿಟ್ಟು, ಗಿಡದ ಸಂದಿಯಲ್ಲಿ ಎಲ್ಲೋ ಅಡಗಿ ಕೂತಿದೆ.

ಸಿಗಡಿ ಬೆಳೆಯುವುದು ಹೀಗೆ ಪೊರೆ ಕಳಚಿದಾಗ. ಹೆಣ್ಣು ಗಂಡಿನ ಜೊತೆ ಕೂಡುವುದೂ ಪೊರೆ ಕಳಚಿದ ಮೇಲೆಯೇ. ಚೆನ್ನಾಗಿ ಓಡಾಡಿಕೊಂಡಿದ್ದ ಸಿಗಡಿ ಕಾರಣವೇ ಗೊತ್ತಾಗದೆ ಸಾಯುವುದೂ ಬಹಳ ಸಲ ಇದೇ ಹೊತ್ತಿನಲ್ಲಿ. ಹಾಗಾಗಿ ಸಿಗಡಿ ಟ್ಯಾಂಕಿನ ಪ್ರತಿ ಕೆಲಸಕ್ಕೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೈ ಮೆತ್ತಗಾಗಿ ಅಡಗಿ ಕೂತ ಆ ಜೀವಕ್ಕೆ ಇದರಿಂದ ಅನುಕೂಲವೋ, ತೊಂದರೆಯೋ?

ಶುರು ಮಾಡುವವರಿಗೆ ಚೆರ್ರಿ ಸಿಗಡಿಯೇ ಸರಿ. ವೈಜ್ಞಾನಿಕ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಚೀನಾ, ತೈವಾನ್ ಕಡೆಯ ಹಳ್ಳ ತೊರೆಗಳು ಇದರ ತವರು. ಅಲ್ಲಿ ಇದು ಕಂದು ಬಣ್ಣದ, ಯಾರ ಕಣ್ಣಿಗೂ ಬೀಳದ ಪುಟ್ಟ ಪ್ರಾಣಿ. ಅಂಗಡಿಯಲ್ಲಿ ಕಾಣುವ ಕೆಂಪು, ಹಳದಿ, ನೀಲಿ ಎಲ್ಲವೂ ಸಾಕುವವರು ತಲೆಮಾರುಗಟ್ಟಲೆ ಆರಿಸಿ ಆರಿಸಿ ತೆಗೆದ ಬಣ್ಣಗಳು. ಬೆಳೆದ ಹೆಣ್ಣು 3 ಸೆಂ.ಮೀ. ಹತ್ತಿರ ಇರುತ್ತದೆ. ಆಯಸ್ಸು ಒಂದರಿಂದ ಎರಡು ವರ್ಷ.

ಅಂಗಡಿಯವರು ಪಕ್ಕದಲ್ಲೇ ಅಮಾನೋ ಸಿಗಡಿಯನ್ನೂ ತೋರಿಸಬಹುದು. ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೋ 1980ರ ದಶಕದಲ್ಲಿ ಗಿಡದ ಟ್ಯಾಂಕುಗಳಲ್ಲಿ ಪಾಚಿ ತಿನ್ನಿಸಲು ಬಳಸಿ ಹೆಸರಾಗಿಸಿದ ಸಿಗಡಿ ಅದು. ಪಾಚಿ ತಿನ್ನುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ಮನೆಯಲ್ಲಿ ಮರಿ ಮಾಡಿಸುವುದು ಬಲು ಕಷ್ಟ. ಅದರ ಮೊಟ್ಟೆಯಿಂದ ಬರುವುದು ಈಜುವ ಚುಕ್ಕಿಯಂಥ ಲಾರ್ವಾ, ಅದು ಬದುಕಲು ಉಪ್ಪುನೀರು ಬೇಕು. ಚೆರ್ರಿಯಲ್ಲಿ ಆ ಹಂತವೇ ಇಲ್ಲ. ಮರಿ ಮೊಟ್ಟೆಯಿಂದ ಹೊರಬರುವಾಗಲೇ ತಾಯಿಯ ಪಡಿಯಚ್ಚು, ಉದ್ದ ಮಾತ್ರ ಒಂದೆರಡು ಮಿಲಿಮೀಟರ್. ಕೆಂಪು ಬಿಳಿ ಪಟ್ಟೆಯ ಕ್ರಿಸ್ಟಲ್ ರೆಡ್ ಸಿಗಡಿ ನೋಡಲು ಇನ್ನೂ ಚೆಂದ. ಆದರೆ ಅದಕ್ಕೆ ಹುಳಿ ಗುಣದ ಮೆದು ನೀರು, ವಿಶೇಷ ಮಣ್ಣು, ತಂಪು ಎಲ್ಲ ಬೇಕು. ಒಂದೆರಡು ವರ್ಷ ಚೆರ್ರಿ ಸಾಕಿದ ಮೇಲೆ ಅದರ ಯೋಚನೆ ಮಾಡಿ.

ಟ್ಯಾಂಕಿನ ವಿಚಾರ ಸರಳ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದಾದರೆ ಸುಮಾರು 40 ಲೀಟರ್ ಹಿಡಿಸುತ್ತದೆ. ಜಲ್ಲಿ ಹಾಕಿ, ಮೇಲೆ ಎರಡು ಬೆರಳು ಬಿಟ್ಟರೆ 30-35 ಲೀಟರ್ ನೀರು. ಇಷ್ಟು ಸಾಕು. ಬಟ್ಟಲಿನಂಥ ಚಿಕ್ಕ ಗಾಜು ಬೇಡ. ಐದು ಲೀಟರ್ ನೀರಿನಲ್ಲಿ ಒಂದು ಚೂರು ಆಹಾರ ಕೊಳೆತರೂ ಇಡೀ ನೀರು ಕೆಡುತ್ತದೆ, ಮಧ್ಯಾಹ್ನದ ಬಿಸಿ ರಾತ್ರಿಯ ತಂಪು ಎರಡೂ ಬೇಗ ತಟ್ಟುತ್ತವೆ. ನೀರು, ಜಲ್ಲಿ, ಗಾಜು ಸೇರಿ 50 ಕೆ.ಜಿ. ಮುಟ್ಟುತ್ತದೆ, ಹಾಗಾಗಿ ಅಲುಗಾಡದ ಮೇಜು ಬೇಕು. ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ.

ತಳಕ್ಕೆ ಎರಡು ಮೂರು ಮಿಲಿಮೀಟರಿನ ಸಣ್ಣ ಜಲ್ಲಿಯನ್ನು ಅಕ್ಕಿ ತೊಳೆದ ಹಾಗೆ, ನೀರು ತಿಳಿಯಾಗುವವರೆಗೂ ತೊಳೆದು ಹಾಕಿ. ಬಿಳಿ ಮಾರ್ಬಲ್ ಚೂರು ಚೆಂದ ಅಂತ ಹಾಕಬೇಡಿ. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶವಿದೆ, ನೀರನ್ನು ದಿನದಿನಕ್ಕೂ ಗಡುಸು ಮಾಡುತ್ತದೆ ಎಂದರ್ಥ. ಗಿಡಕ್ಕೆಂದು ತೋಟದ ಮಣ್ಣನ್ನು ಕೆಳಗೆ ಹಾಕಿ ಮೇಲೆ ಜಲ್ಲಿ ಮುಚ್ಚುವವರೂ ಇದ್ದಾರೆ. ಒಳ್ಳೆಯ ವಿಧಾನವೇ. ಆದರೆ ಮೊದಲ ವಾರಗಳಲ್ಲಿ ಮಣ್ಣು ಅಮೋನಿಯಾ ಬಿಡುತ್ತದೆ, ಕಾಯುವ ತಾಳ್ಮೆ ಇನ್ನೂ ಜಾಸ್ತಿ ಬೇಕು. ಮೊದಲ ಟ್ಯಾಂಕಿಗೆ ಬರೀ ಜಲ್ಲಿ ಸಾಕು.

ಫಿಲ್ಟರ್ ಅಂದರೆ ಸ್ಪಾಂಜ್ ಫಿಲ್ಟರೇ. ಏರ್ ಪಂಪಿನಿಂದ ಬರುವ ಗುಳ್ಳೆಗಳು ಮೇಲೇರುವಾಗ ನೀರನ್ನು ಸ್ಪಾಂಜಿನ ಮೂಲಕ ಎಳೆದುಕೊಳ್ಳುತ್ತವೆ. ನೇತುಹಾಕುವ ಮೋಟಾರ್ ಫಿಲ್ಟರಿನ ಬಾಯಿಗೆ ಒಂದೆರಡು ಮಿಲಿಮೀಟರಿನ ಮರಿಗಳು ಸಿಕ್ಕಿದರೆ ಮುಗಿಯಿತು. ಸ್ಪಾಂಜಿನಲ್ಲಿ ಆ ಭಯವಿಲ್ಲ. ಬದಲಿಗೆ ಮರಿಗಳು ಅದರ ಮೇಲೇ ಕೂತು ಮೇಯುತ್ತವೆ.

ಗಿಡಗಳಲ್ಲಿ ಜಾವಾ ಮಾಸ್ ಇಲ್ಲದೆ ಸಿಗಡಿ ಟ್ಯಾಂಕ್ ಮಾಡಬೇಡಿ. ಕೂದಲಿನಷ್ಟು ಸಣ್ಣ ಎಳೆಗಳ ಗುಂಜು ಅದು. ಮರಿಗಳಿಗೆ ಮೇವಿನ ಜಾಗ, ಪೊರೆ ಕಳಚಿದವಕ್ಕೆ ಅಡಗುವ ಜಾಗ. ಒಂದು ಹಿಡಿ ಮಾಸನ್ನು ಮರದ ತುಂಡಿಗೆ ದಾರದಿಂದ ಕಟ್ಟಿ ಬಿಡಿ. ಜೊತೆಗೆ ಅನೂಬಿಯಾಸ್, ಜಾವಾ ಫರ್ನ್ ಇದ್ದರೆ ಚೆಂದ. ಇವೆಲ್ಲ ಕಡಿಮೆ ಬೆಳಕಿನಲ್ಲೂ ಬದುಕುತ್ತವೆ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕಿಲ್ಲ. ಸಾಧಾರಣ ಎಲ್ಇಡಿ ಲೈಟ್ ದಿನಕ್ಕೆ ಆರೇಳು ಗಂಟೆ ಉರಿದರೆ ಸಾಕು. ಕೆರೆಯಿಂದ ಗಿಡ ಕಿತ್ತು ತರುವ ಆಸೆ ಬಂದರೆ ತಡೆಯಿರಿ. ಏರೋಪ್ಲೇನ್ ಚಿಟ್ಟೆಯ ಮರಿಹುಳು ಅದರ ಜೊತೆ ಬರುತ್ತದೆ, ಒಂದೊಂದೇ ಸಿಗಡಿಯನ್ನು ಹಿಡಿದು ತಿನ್ನುತ್ತದೆ. ಅಂಗಡಿಯ ಗಿಡಕ್ಕೂ ಕೀಟನಾಶಕ ಹೊಡೆದಿರಬಹುದು. ಒಂದೆರಡು ವಾರ ಬಕೆಟ್ಟಿನಲ್ಲಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಆಮೇಲೆ ಒಳಗೆ ಬಿಡಿ.

ನಿಮ್ಮ ನಲ್ಲಿಯಲ್ಲಿ ಯಾವ ನೀರು?

ಸಿಗಡಿ ಹೊಸ ಚಿಪ್ಪು ಗಟ್ಟಿ ಮಾಡಿಕೊಳ್ಳುವುದು ಕ್ಯಾಲ್ಸಿಯಂನಿಂದ. ಅದರ ಬಹುಪಾಲು ನೀರಿನಿಂದಲೇ ಬರಬೇಕು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎಂಬುದರ ಅಳತೆಗೆ ಜಿಎಚ್ ಎನ್ನುತ್ತಾರೆ. ಚೆರ್ರಿಗೆ ಅದು 6ರಿಂದ 8 ಇದ್ದರೆ ಹೇಳಿ ಮಾಡಿಸಿದ ಹಾಗೆ. ನೀರಿನ ಹುಳಿ ಗುಣ ಎಷ್ಟೆಂದು ಹೇಳುವ ಪಿಎಚ್ 6.5ರಿಂದ 8ರವರೆಗೆ ಎಲ್ಲಿದ್ದರೂ ಒಗ್ಗಿಕೊಳ್ಳುತ್ತದೆ. ಎಲ್ಲರ ಕೈಯಲ್ಲೂ ಇರುವ ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಅಳೆಯುತ್ತದೆ. ಅದು 150ರಿಂದ 250 ಇರಲಿ. ಆದರೆ ಅದೊಂದನ್ನೇ ನಂಬಬೇಡಿ.

ಯಾಕೆ ಅಂತ ಹೇಳುತ್ತೇನೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಬೋರ್‌ವೆಲ್ ನೀರನ್ನು ಸಾಫ್ಟ್‌ನರ್ ಮೂಲಕ ಬಿಡುತ್ತಾರೆ. ಆ ಯಂತ್ರ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಅದಕ್ಕೇ ಅಲ್ವಾ ತಿಂಗಳಿಗೊಮ್ಮೆ ಅದಕ್ಕೆ ಮೂಟೆ ಉಪ್ಪು ಸುರಿಯುವುದು? ಆ ನೀರಿನ ಟಿಡಿಎಸ್ ಐನೂರು ತೋರಿಸಿದರೂ ಜಿಎಚ್ ಸೊನ್ನೆಯ ಹತ್ತಿರ ಇರಬಹುದು. ಮೀಟರ್ ನೋಡಿದವರು ಗಡುಸು ನೀರು ಅಂದುಕೊಳ್ಳುತ್ತಾರೆ, ಸಿಗಡಿಗೆ ಚಿಪ್ಪು ಕಟ್ಟಲು ಏನೂ ಸಿಗುವುದಿಲ್ಲ. ಆದ್ದರಿಂದ ಹನಿ ಹಾಕಿ ಬಣ್ಣ ನೋಡುವ ಜಿಎಚ್ ಕಿಟ್ ಒಂದನ್ನು ಕೊಳ್ಳಿ. ಈ ಹವ್ಯಾಸದಲ್ಲಿ ದುಡ್ಡು ಹಾಕಲೇಬೇಕಾದ ಒಂದು ವಸ್ತು ಇದು.

ಕಾವೇರಿ ನೀರು ಬರುವ ಮನೆಯವರ ಕೆಲಸ ಹಗುರ. ಅದು ಬಹುತೇಕ ಹಾಗೇ ಒಗ್ಗುತ್ತದೆ, ಕ್ಲೋರಿನ್ ಮಾತ್ರ ತೆಗೆಯಬೇಕು. ಬಕೆಟ್ಟಿನಲ್ಲಿ ಒಂದು ದಿನ ಗಾಳಿ ಆಡಿಸಿ ಇಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಸಾಫ್ಟ್‌ನರ್ ಮುಟ್ಟದ ಬೋರ್‌ವೆಲ್ ನೀರಾದರೆ ಆರ್‌ಒ ನೀರಿನ ಜೊತೆ ಬೆರೆಸಿ. ಬೋರ್‌ವೆಲ್ ನೀರಿನ ಟಿಡಿಎಸ್ 800, ಆರ್‌ಒ ನೀರಿನದು 40 ಇದ್ದರೆ, ಒಂದು ಪಾಲಿಗೆ ಮೂರು ಪಾಲು ಆರ್‌ಒ ಸೇರಿಸಿದಾಗ 230ಕ್ಕೆ ಬಂದು ನಿಲ್ಲುತ್ತದೆ. ಕರಾವಳಿಯವರ ಕಥೆ ಪೂರ್ತಿ ಉಲ್ಟಾ. ಮುರಕಲ್ಲಿನ ನೆಲದ ಬಾವಿ ನೀರು ಕುಡಿಯಲು ಸಿಹಿ, ಆದರೆ ಬಹಳ ಮೆದು, ಕೊಂಚ ಹುಳಿ ಗುಣದ್ದು. ಅಲ್ಲಿ ಸಿಗಡಿಗೆಂದೇ ಮಾರುವ ಖನಿಜದ ಪುಡಿಯನ್ನು ಕಿಟ್ ನೋಡಿಕೊಂಡು ಬೆರೆಸಬೇಕು.

ಇನ್ನೊಂದು ಮಾತು. ತಾಮ್ರದ ಹಂಡೆ, ಕೊಡದಲ್ಲಿಟ್ಟ ನೀರನ್ನು ಟ್ಯಾಂಕಿಗೆ ಹಾಕಲೇಬೇಡಿ. ನಮಗೆ ಒಳ್ಳೆಯದು ಅಂತ ಹಿರಿಯರು ಇಡುತ್ತಾರೆ, ಸಿಗಡಿಗೆ ಅದು ವಿಷ. ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವ ವಸ್ತುವಿನಲ್ಲೇ ತಾಮ್ರ ಇದೆ, ಆದರೂ ನೀರಿನಲ್ಲಿ ತುಸು ಹೆಚ್ಚಾದರೆ ತಡೆಯುವುದಿಲ್ಲ. ಮೀನಿನ ಕಾಯಿಲೆಗೆ ಕೊಡುವ ಹಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ. ಬಾಟಲಿಯ ಮೇಲಿನ ಬರಹ ಓದದೆ ಒಂದು ಹನಿಯನ್ನೂ ಬಿಡಬೇಡಿ.

ಹೆಪ್ಪು ಹಾಕಿ ಕಾಯುವುದು

ನೀರು ತುಂಬಿದ ಮರುದಿನ ಸಿಗಡಿ ಬಿಡುವುದೇ ಹೊಸಬರು ಮಾಡುವ ದೊಡ್ಡ ತಪ್ಪು. ಸಿಗಡಿಯ ಹಿಕ್ಕೆ, ಕೊಳೆತ ಎಲೆ ಎಲ್ಲದರಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದ್ದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಅಷ್ಟು ಅಪಾಯವಿಲ್ಲ, ಗಿಡಗಳು ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳು ಸ್ಪಾಂಜ್, ಜಲ್ಲಿ, ಎಲೆಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಖಾಲಿ ಟ್ಯಾಂಕಿಗೆ ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಇರಿ, ಅವಕ್ಕೆ ಅದೇ ಊಟ. ಅಮೋನಿಯಾ, ನೈಟ್ರೈಟ್ ಅಳೆಯುವ ಕಿಟ್‌ನಲ್ಲಿ ಎರಡೂ ಸೊನ್ನೆಗಿಳಿದು ಹಾಗೇ ನಿಂತರೆ ನೀರು ತಯಾರು.

ಅಡ್ಡದಾರಿ ಒಂದಿದೆ, ಅದು ಒಳ್ಳೆಯ ಅಡ್ಡದಾರಿ. ಗೆಳೆಯರ ಆರೋಗ್ಯವಂತ ಹಳೇ ಟ್ಯಾಂಕಿನಿಂದ ಬಳಸಿದ ಸ್ಪಾಂಜ್ ತಂದು ಹಾಕಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆದರೂ ನಾನು ಒಂದು ತಿಂಗಳಿಗೆ ಮೊದಲು ಸಿಗಡಿ ಬಿಡುವುದಿಲ್ಲ. ಕಾರಣ ಬ್ಯಾಕ್ಟೀರಿಯಾ ಒಂದೇ ಅಲ್ಲ. ಎಲೆ, ಕಲ್ಲು, ಗಾಜು ಎಲ್ಲವನ್ನೂ ಮುಟ್ಟಿ ನೋಡಿ. ಹೊಸ ಟ್ಯಾಂಕಿನಲ್ಲಿ ಒರಟು, ಹಳೆಯದರಲ್ಲಿ ಜಾರು. ಆ ತೆಳು ಲೋಳೆಯಲ್ಲಿ ಪಾಚಿ, ಸೂಕ್ಷ್ಮಜೀವಿಗಳು ತುಂಬಿರುತ್ತವೆ. ಹುಟ್ಟಿದ ಮರಿ ಆಹಾರ ಹುಡುಕಿಕೊಂಡು ದೂರ ಹೋಗುವುದಿಲ್ಲ. ಕೂತ ಜಾಗದಲ್ಲಿ ಲೋಳೆ ಇದ್ದರೆ ಬದುಕುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಫಳಫಳ ತೊಳೆದಿಟ್ಟ ಟ್ಯಾಂಕಿನಲ್ಲಿ ಮರಿ ಉಳಿಯದಿರಲು ಇದೇ ಕಾರಣ. ನೋಡಲು ಮುಂದಿನ ಗಾಜನ್ನು ಒರೆಸಿ, ಉಳಿದ ಮೂರನ್ನು ಹಾಗೇ ಬಿಡಿ.

ಸಿಗಡಿ ತರುವಾಗ ಹತ್ತರಿಂದ ಹದಿನೈದು ತನ್ನಿ, ಚಿಕ್ಕವನ್ನೇ ಆರಿಸಿ. ಹೊಸ ನೀರಿಗೆ ಅವೇ ಬೇಗ ಹೊಂದಿಕೊಳ್ಳುತ್ತವೆ, ಗಂಡು ಹೆಣ್ಣು ಎರಡೂ ಸಿಗುತ್ತವೆ. ಮನೆಗೆ ತಂದು ಅಂಗಡಿಯ ನೀರಿನ ಸಮೇತ ಒಂದು ಪಾತ್ರೆಗೆ ಸುರಿಯಿರಿ. ಏರ್ ಪಂಪಿನ ಪೈಪಿಗೆ ಒಂದು ಗಂಟು ಹಾಕಿ, ಟ್ಯಾಂಕಿನ ನೀರು ಹನಿಹನಿಯಾಗಿ ಪಾತ್ರೆಗೆ ಬೀಳುವ ಹಾಗೆ ಮಾಡಿ, ಸೆಕೆಂಡಿಗೆ ಒಂದೆರಡು ಹನಿ. ಒಂದೂವರೆ ಎರಡು ಗಂಟೆಯಲ್ಲಿ ಪಾತ್ರೆಯ ನೀರು ಮೂರು ಪಟ್ಟು ಆಗುತ್ತದೆ. ಆಮೇಲೆ ಬಲೆಯಲ್ಲಿ ಎತ್ತಿ ಬಿಡಿ. ಆ ನೀರು ಟ್ಯಾಂಕಿಗೆ ಬೇಡ. ಜೊತೆಗೆ ಮೀನೂ ಬೇಡ. ಗಪ್ಪಿಯಂಥ ಸಾಧು ಮೀನೂ ಮರಿ ಸಿಗಡಿಯನ್ನು ಬಿಡುವುದಿಲ್ಲ.

ಜೀನು, ಓಡಾಟ, ಮೊಟ್ಟೆ

ಮೂರು ನಾಲ್ಕು ತಿಂಗಳಿಗೆ ಹೆಣ್ಣು ಪ್ರಾಯಕ್ಕೆ ಬರುತ್ತದೆ. ಗಂಡಿಗಿಂತ ದಪ್ಪ, ಬಣ್ಣ ಗಾಢ, ಹೊಟ್ಟೆಯ ಕೆಳಗಿನ ಅಂಚು ಬಾಗಿ ಇಳಿದಿರುತ್ತದೆ. ತಲೆಯ ಹಿಂದೆ, ಬೆನ್ನ ಮೇಲೆ ಹಳದಿಯೋ ಹಸಿರೋ ಬಣ್ಣದ ಗುರುತು ಕಂಡರೆ ಖುಷಿಪಡಿ. ಕುದುರೆಯ ಬೆನ್ನಿಗೆ ಹಾಕಿದ ಜೀನಿನ ಹಾಗೆ ಕಾಣುತ್ತದೆ. ಅಂಡಾಶಯದಲ್ಲಿ ಬಲಿಯುತ್ತಿರುವ ಮೊಟ್ಟೆಗಳು ಚಿಪ್ಪಿನ ಮೂಲಕ ಕಾಣುತ್ತಿರುವುದು ಅದು.

ಮೊಟ್ಟೆ ಬಲಿತ ಹೆಣ್ಣು ಪೊರೆ ಕಳಚುತ್ತದೆ. ಕಳಚಿದ ಕೂಡಲೇ ನೀರಿಗೆ ಒಂದು ವಾಸನೆಯ ಸಂಕೇತ ಬಿಡುತ್ತದೆ. ನಮಗೆ ಏನೂ ತಿಳಿಯುವುದಿಲ್ಲ, ಆದರೆ ಅರ್ಧ ಗಂಟೆಗೆ ಮುಂಚೆ ಎಲೆ ಕೆದಕುತ್ತಾ ಕೂತಿದ್ದ ಗಂಡುಗಳೆಲ್ಲ ಒಮ್ಮೆಲೇ ಎದ್ದು ಟ್ಯಾಂಕಿನ ಈ ಮೂಲೆಯಿಂದ ಆ ಮೂಲೆಗೆ ಈಜಲು ಶುರು ಮಾಡುತ್ತವೆ. ಮೊದಲ ಸಲ ಕಂಡಾಗ ನೀರು ಕೆಟ್ಟು ಒದ್ದಾಡುತ್ತಿವೆ ಅಂತ ನಾನು ಬಕೆಟ್ ಹಿಡಿದು ಓಡಿದ್ದೆ. ನೀರು ಸರಿಯಾಗಿಯೇ ಇತ್ತು. ಮಾಸ್ ಗುಂಜಿನ ಅಡಿಯಲ್ಲಿ ಒಂದು ಹೆಣ್ಣು ಮುದುಡಿ ಕೂತಿತ್ತು, ಪಕ್ಕದಲ್ಲೇ ಅದರ ಹಳೇ ಚಿಪ್ಪು ಬಿದ್ದಿತ್ತು.

ಕೂಡುವುದು ಕೆಲವೇ ಕ್ಷಣ. ಆಮೇಲೆ ಮೊಟ್ಟೆಗಳು ಹೊಟ್ಟೆಯ ಕೆಳಗಿನ ಈಜುಗಾಲುಗಳಿಗೆ ಅಂಟಿಕೊಳ್ಳುತ್ತವೆ, ಸಾಧಾರಣವಾಗಿ 20ರಿಂದ 30. ಭೂತಗನ್ನಡಿ ಹಿಡಿದು ನೋಡಿ. ತಾಯಿ ಆ ಕಾಲುಗಳನ್ನು ಸದಾ ಬೀಸುತ್ತಲೇ ಇರುತ್ತದೆ. ಮೊಟ್ಟೆಗೆ ಹೊಸ ನೀರು ತಾಕಬೇಕು, ಬೂಸ್ಟು ಹಿಡಿಯಬಾರದು, ಅದಕ್ಕೆ. ನಡುವೆ ಕಾಲು ಒಳಗೆ ಚಾಚಿ ಒಂದೊಂದು ಮೊಟ್ಟೆಯನ್ನೂ ಸವರಿ ಹೊರಳಿಸುತ್ತದೆ. ಮೂರು ನಾಲ್ಕು ವಾರ ಹೀಗೆಯೇ. ಕೊನೆಯ ದಿನಗಳಲ್ಲಿ ಪ್ರತಿ ಮೊಟ್ಟೆಯಲ್ಲೂ ಎರಡು ಕಪ್ಪು ಚುಕ್ಕಿ ಕಾಣುತ್ತವೆ. ಅವು ಮರಿಯ ಕಣ್ಣುಗಳು.

ಮರಿ ಹುಟ್ಟಿದ್ದು ಹಗಲು ಗೊತ್ತಾಗುವುದಿಲ್ಲ. ದೀಪ ಆರಿಸಿ ಒಂದು ಗಂಟೆ ಬಿಟ್ಟು, ಟಾರ್ಚನ್ನು ಓರೆಯಾಗಿ ಮಾಸ್ ಮೇಲೆ ಬಿಡಿ. ಎಳೆಗಳ ಮೇಲೆ ಧೂಳಿನ ಕಣದಂಥವು ಚಲಿಸುತ್ತಿರುತ್ತವೆ. ಇನ್ನಷ್ಟು ಹತ್ತಿರ ಹೋದರೆ ಆ ಕಣಕ್ಕೂ ಮೀಸೆ ಇದೆ, ಆ ಕಣವೂ ಎರಡು ಕೈಯಲ್ಲಿ ಲೋಳೆ ಕೆದಕಿ ಬಾಯಿಗೆ ಹಾಕಿಕೊಳ್ಳುತ್ತಿದೆ.

ಕೊರಳಿನ ಬಿಳಿ ಪಟ್ಟಿ

ಈಗ ಪೊರೆ ಕಳಚುವುದು ತಪ್ಪಿದರೆ ಏನಾಗುತ್ತದೆ ನೋಡೋಣ. ಸಿಗಡಿ ಮೊದಲು ಹಳೇ ಚಿಪ್ಪಿನ ಕೆಳಗೆ ಹೊಸ, ಮೆತ್ತಗಿನ ಚಿಪ್ಪು ಬೆಳೆಸಿಕೊಳ್ಳುತ್ತದೆ. ಆಮೇಲೆ ನೀರು ಹೀರಿ ಉಬ್ಬುತ್ತದೆ. ಆ ಒತ್ತಡಕ್ಕೆ ಹಳೆಯದು ಬೆನ್ನ ಮೇಲೆ ಸೀಳುತ್ತದೆ, ಒಂದೇ ಜಿಗಿತಕ್ಕೆ ಸಿಗಡಿ ಹೊರಗೆ. ನೀರಿನ ಗುಣ ಇದ್ದಕ್ಕಿದ್ದ ಹಾಗೆ ಬದಲಾದರೆ ಹೊಸ ಚಿಪ್ಪು ತಯಾರಾಗುವ ಮುಂಚೆಯೇ ಕಳಚಲು ಹೊರಡುತ್ತದೆ. ಕ್ಯಾಲ್ಸಿಯಂ ಕಮ್ಮಿಯಾದರೂ ಹೆಚ್ಚಾದರೂ ಸೀಳು ಸರಿಯಾಗಿ ಬೀಳುವುದಿಲ್ಲ. ಆಗ ಕೊರಳಿನ ಸುತ್ತ ಬಿಳಿ ಬಳೆಯಂಥ ಪಟ್ಟಿ ಕಾಣುತ್ತದೆ. ಅಷ್ಟಾದ ಮೇಲೆ ಬದುಕುವುದು ಅಪರೂಪ.

ಒಂದು ಬೇಸಿಗೆಯಲ್ಲಿ ನನ್ನ ಟ್ಯಾಂಕಿನ ನೀರು ಇಳಿದು ಟಿಡಿಎಸ್ ಏರಿತ್ತು. ಒಳ್ಳೆಯದಾಗಲಿ ಅಂತ ಅರ್ಧ ನೀರು ತೆಗೆದು ಬರೀ ಆರ್‌ಒ ನೀರು ತುಂಬಿದೆ. ಎರಡು ದಿನದಲ್ಲಿ ಮೂರು ಹೆಣ್ಣುಗಳು ಹೋದವು. ಮೂರರ ಕೊರಳಲ್ಲೂ ಪಟ್ಟಿ ಇತ್ತು. ಒಂದು ಮೊಟ್ಟೆ ಹೊತ್ತಿತ್ತು. ಇವತ್ತಿಗೂ ಅದು ಮನಸ್ಸಿನಲ್ಲಿದೆ. ಅಂದಿನಿಂದ ನಾನು ವಾರಕ್ಕೆ ಹತ್ತನೇ ಒಂದು ಪಾಲಿಗಿಂತ ಹೆಚ್ಚು ನೀರು ಬದಲಿಸುವುದಿಲ್ಲ. ಹೊಸ ನೀರಿನ ಟಿಡಿಎಸ್, ಬಿಸಿ ಎರಡನ್ನೂ ಹಳೆಯದಕ್ಕೆ ಸರಿಮಾಡಿ ನಿಧಾನಕ್ಕೆ ಬಿಡುತ್ತೇನೆ. ಆವಿಯಾದ ನೀರಿನ ಜಾಗಕ್ಕೆ ಮಾತ್ರ ದಿನಾ ಒಂದೊಂದು ಲೋಟ ಬರೀ ಆರ್‌ಒ ನೀರು ಹಾಕುತ್ತೇನೆ. ಆವಿಯಾಗಿ ಹೋಗುವುದು ನೀರು, ಖನಿಜ ಉಳಿದೇ ಇರುತ್ತದೆ ಅಲ್ವಾ. ಬಿದ್ದ ಪೊರೆಯನ್ನು ತೆಗೆಯಬೇಡಿ. ಸಿಗಡಿಗಳೇ ಅದನ್ನು ತಿಂದು ಕ್ಯಾಲ್ಸಿಯಂ ವಾಪಸು ಪಡೆಯುತ್ತವೆ.

ನೀರಿಗಿಂತ ಗಾಳಿಯಿಂದ ಬರುವ ಅಪಾಯವನ್ನು ಜನ ಮರೆಯುತ್ತಾರೆ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧಿ, ಜಿರಳೆ ಸ್ಪ್ರೇ, ಇರುವೆಗೆ ಗೀಚುವ ಚಾಕ್, ಇವುಗಳಲ್ಲಿ ಇರುವುದು ಕೀಟಗಳ ನರಕ್ಕೆ ಬಡಿಯುವ ವಿಷ. ಸಿಗಡಿಯ ನರವೂ ಹೆಚ್ಚುಕಮ್ಮಿ ಹಾಗೇ ಕೆಲಸ ಮಾಡುತ್ತದೆ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೇರ ನೀರಿಗೆ ತಳ್ಳುತ್ತದೆ ಎಂಬುದನ್ನು ನೆನಪಿಡಿ. ಟ್ಯಾಂಕಿರುವ ಕೋಣೆಗೆ ಸೊಳ್ಳೆ ಪರದೆಯೇ ಗತಿ. ಮೈಗೆ ಸೊಳ್ಳೆ ಕ್ರೀಮ್ ಹಚ್ಚಿದ ಕೈಯನ್ನೂ ನೀರಿಗೆ ಹಾಕಬೇಡಿ.

ಬಿಸಿಲಿನ ಮಾತು. ಚೆರ್ರಿಗೆ 20ರಿಂದ 26 ಡಿಗ್ರಿ ಹಿತ. ಬೆಂಗಳೂರು, ಮೈಸೂರು, ಮಲೆನಾಡಿನಲ್ಲಿ ವರ್ಷದ ಬಹುಪಾಲು ಹೀಟರೂ ಬೇಡ, ಕೂಲರೂ ಬೇಡ. ನೀರು 30 ದಾಟಿದರೆ ಕರಗಿದ ಆಮ್ಲಜನಕ ಕಮ್ಮಿಯಾಗುತ್ತದೆ, ಮೊಟ್ಟೆ ಉದುರಿಸುತ್ತವೆ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಟ್ಟರೆ, ಮಡಕೆಯ ನೀರು ತಣ್ಣಗಾಗುವ ಹಾಗೆಯೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕಲಬುರಗಿ, ರಾಯಚೂರು ಕಡೆಯವರು ಬೇಸಿಗೆಯಲ್ಲಿ ಶುರು ಮಾಡದೆ ದೀಪಾವಳಿ ಆದಮೇಲೆ ಮಾಡುವುದು ಒಳ್ಳೆಯದು. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಏರ್ ಪಂಪ್ ಒಂದಿರಲಿ.

ಊಟ ಕಮ್ಮಿ ಹಾಕಿದಷ್ಟೂ ಕ್ಷೇಮ. ಬೀದಿಬದಿಯ ಬಾದಾಮಿ ಮರದಿಂದ ತಾನಾಗಿ ಉದುರಿದ ಒಣ ಎಲೆಯನ್ನು ತೊಳೆದು ಹಾಕಿ. ಅದು ಮೆಲ್ಲಗೆ ಕೊಳೆಯುತ್ತಾ ಲೋಳೆ ಕಟ್ಟುತ್ತದೆ, ಸಿಗಡಿಗಳು ಅದನ್ನು ಬಲೆಯಂತೆ ನರವಷ್ಟೇ ಉಳಿಯುವ ತನಕ ಮೇಯುತ್ತವೆ. ಹಿಪ್ಪುನೇರಳೆ ಎಲೆಯೂ ಬಹಳ ಇಷ್ಟ. ಹೊರದೇಶದವರು ಅದರ ಒಣ ಎಲೆಯನ್ನು ಪೊಟ್ಟಣದಲ್ಲಿ ಕೊಳ್ಳುತ್ತಾರೆ, ರಾಮನಗರದ ಕಡೆ ತೋಟಗಟ್ಟಲೆ ಇದೆ. ಔಷಧಿ ಹೊಡೆಯದ್ದು ಅಂತ ಖಚಿತ ಮಾಡಿಕೊಂಡು ತನ್ನಿ. ವಾರಕ್ಕೆರಡು ಸಲ ಬೇಯಿಸಿದ ಪಾಲಕ್ ಎಲೆ ಚೂರು ಅಥವಾ ಒಂದು ಚಿಟಿಕೆ ಸಿಗಡಿ ಆಹಾರ. ಎರಡು ಮೂರು ಗಂಟೆಯಲ್ಲಿ ಉಳಿದದ್ದನ್ನು ತೆಗೆಯಿರಿ. ಉಳಿದ ಊಟದಿಂದ ಪ್ಲನೇರಿಯಾ ಎಂಬ ಚಪ್ಪಟೆ ಹುಳು, ಹೈಡ್ರಾ ಎಂಬ ದಾರದಂಥ ಪುಟ್ಟ ಜೀವಿ ಹೆಚ್ಚುತ್ತವೆ. ಎರಡೂ ಮರಿಗಳಿಗೆ ಶತ್ರು. ಅವನ್ನು ಕೊಲ್ಲಲು ಮಾರುವ ಒಂದು ಪುಡಿಯಲ್ಲಿ ಇರುವುದು ನಮ್ಮ ಅಡಿಕೆಯ ಸಾರ. ಹಾಗಂತ ಮನೆಯ ಅಡಿಕೆ ಅರೆದು ಹಾಕಬೇಡಿ, ಎಷ್ಟು ಹಾಕಿದರೆ ಎಷ್ಟು ವಿಷ ಅಂತ ಅಳೆಯಲು ನಮ್ಮ ಹತ್ತಿರ ದಾರಿಯಿಲ್ಲ.

ಒಂದು ಟ್ಯಾಂಕಿಗೆ ಒಂದೇ ಬಣ್ಣ ಇಡಿ. ಕೆಂಪು, ನೀಲಿ, ಹಳದಿ ಎಲ್ಲವೂ ಒಂದೇ ಜಾತಿ, ಬೆರೆತು ಮರಿ ಹಾಕುತ್ತವೆ. ಕೆಲವು ತಲೆಮಾರಿನಲ್ಲಿ ತೊರೆಯ ಆ ಹಳೇ ಕಂದು ಬಣ್ಣ ವಾಪಸು ಬರುತ್ತದೆ.

ಹತ್ತು ಸಿಗಡಿ ಒಂದು ವರ್ಷದಲ್ಲಿ ನೂರು ದಾಟುವುದು ಸಾಮಾನ್ಯ. ಆಗ ಹಂಚಬೇಕಾಗುತ್ತದೆ. ಹತ್ತಿರದ ಕೆರೆಗೆ ಮಾತ್ರ ಬಿಡಬೇಡಿ. ಜರ್ಮನಿ, ಪೋಲೆಂಡ್, ಹವಾಯಿಗಳಲ್ಲಿ ಹೀಗೆ ಹೊರಗೆ ಹೋದ ಸಿಗಡಿಗಳು ಅಲ್ಲೇ ನೆಲೆಯೂರಿವೆ. ನಮ್ಮ ಕೆರೆ, ಹಳ್ಳಗಳಲ್ಲಿ ನಮ್ಮವೇ ಆದ ಪುಟ್ಟ ಸಿಗಡಿಗಳಿವೆ, ಅವುಗಳ ಜಾಗ ಅವಕ್ಕೇ ಇರಲಿ. ನಾನು ಕೊಡುವುದು ಟ್ಯಾಂಕ್ ತುಂಬಿಸಿ ತಿಂಗಳಾಗಿದೆ ಅಂದವರಿಗೆ. ಇನ್ನೂ ನೀರು ತುಂಬಿಲ್ಲ ಅಂದವರಿಗೆ ಮೊದಲು ನನ್ನ ಟ್ಯಾಂಕಿನ ಒಂದು ಹಳೇ ಸ್ಪಾಂಜನ್ನೂ, ಒಂದು ಹಿಡಿ ಮಾಸನ್ನೂ ಒದ್ದೆ ಚೀಲದಲ್ಲಿ ಹಾಕಿ ಕಳಿಸುತ್ತೇನೆ. ಸಿಗಡಿಗೆ ನಾಲ್ಕು ವಾರ ಬಿಟ್ಟು ಬನ್ನಿ ಅನ್ನುತ್ತೇನೆ.